ಎಣ್ಣೆ ಹಚ್ಚುವ ಮೊದಲು ಆಮೆಯ ಹೊಟ್ಟೆ ನೋಡಿ

ಪ್ರಶ್ನೆ: ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದವರು ಮನೆ ಖಾಲಿ ಮಾಡಿಕೊಂಡು ಹೋಗುವಾಗ ಬಚ್ಚಲುಮನೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ಆಮೆಯನ್ನು ಬಿಟ್ಟು ಹೋಗಿದ್ದಾರೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರಗಳಿವೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಬೆನ್ನಿನ ಚಿಪ್ಪು ಗುಡ್ಡಗುಡ್ಡವಾಗಿ ಎದ್ದಿದೆ, ಅಂಚು ಒತ್ತಿದರೆ ಬಾಗುತ್ತದೆ. ಹೊಟ್ಟೆಯ ಕಡೆ ಬಿಳಿ ಕಲೆಗಳಿವೆ, ಕೆಟ್ಟ ವಾಸನೆಯೂ ಬರುತ್ತಿದೆ. ಹಿಂಬದಿಯ ಅಂಚಿನಲ್ಲಿ ತೂತು ಕೊರೆದು ನೈಲಾನ್ ದಾರ ಕಟ್ಟಿದ್ದಾರೆ. ಅವರು ಅನ್ನ, ಸೌತೆಕಾಯಿ, ಟೊಮೆಟೊ ಹಾಕುತ್ತಿದ್ದರಂತೆ. ಕೊಬ್ಬರಿ ಎಣ್ಣೆಗೆ ಅರಿಶಿನ ಬೆರೆಸಿ ಹಚ್ಚೋಣ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದಾರೆ. ಕ್ಯಾಲ್ಸಿಯಂ ಮಾತ್ರೆ ಪುಡಿ ಮಾಡಿ ಕೊಡಬಹುದೇ? ಮಕ್ಕಳು ಆಗಲೇ ಅದನ್ನು ಹಚ್ಚಿಕೊಂಡಿದ್ದಾರೆ. ಮನೆಯಲ್ಲೇ ಇಟ್ಟುಕೊಂಡು ಗುಣಪಡಿಸಲು ಸಾಧ್ಯವೇ?
– ಓದುಗರು, ತುಮಕೂರು

ಉತ್ತರ: ನೀವು ವರ್ಣಿಸಿರುವುದು ನಕ್ಷತ್ರ ಆಮೆ. ಮೊದಲು 1926ಕ್ಕೆ ಕರೆ ಮಾಡಿ. ಅದು ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ. ಏಕೆ ಎಂಬುದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಅವರು ಬರುವವರೆಗೆ ಆಮೆ ನಿಮ್ಮ ಕೈಯಲ್ಲಿರುತ್ತದೆ, ಆ ಹೊತ್ತಿನಲ್ಲಿ ನೀವು ಮಾಡುವುದಕ್ಕೂ ಮಾಡದೆ ಬಿಡುವುದಕ್ಕೂ ತುಂಬಾ ಬೆಲೆಯಿದೆ.

ನಿಮ್ಮ ಪತ್ರದಲ್ಲಿ ಒಂದು ರೋಗವಲ್ಲ, ನಾಲ್ಕು ಬೇರೆ ಬೇರೆ ತೊಂದರೆಗಳಿವೆ: ಗುಡ್ಡಗಳು, ಮೆತ್ತಗಾದ ಅಂಚು, ಹೊಟ್ಟೆಯ ಕಲೆ ಮತ್ತು ವಾಸನೆ, ಕೊರೆದ ತೂತು. ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಗುಡ್ಡ. ಆದರೆ ಈ ನಾಲ್ಕರಲ್ಲಿ ಅವಸರವೇ ಇಲ್ಲದ್ದು ಅದು. ಜೀವಕ್ಕೆ ಸಂಚಕಾರ ತರುವುದು ಹೊಟ್ಟೆಯ ಕಡೆಯಿಂದ ಬರುತ್ತಿರುವ ವಾಸನೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಆರೋಗ್ಯವಾಗಿರುವ ಆಮೆಯ ಚಿಪ್ಪಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ವಾಸನೆ ಬಂದರೆ ಅಲ್ಲಿ ಏನೋ ಕೊಳೆಯುತ್ತಿದೆ ಎಂದೇ ಅರ್ಥ. ನಕ್ಷತ್ರ ಆಮೆ ಹುಲ್ಲುಗಾವಲಿನ, ಕುರುಚಲು ಕಾಡಿನ, ಒಣನೆಲದ ಪ್ರಾಣಿ. ನೀರಿನಲ್ಲಿ ಬದುಕುವ ಆಮೆಗೂ ಇದಕ್ಕೂ ಇರುವ ಈ ವ್ಯತ್ಯಾಸ ತಿಳಿಯದೆ ಬಹಳ ಮಂದಿ ಇದನ್ನು ಟಬ್ಬಿನಲ್ಲಿ ನೀರು ಹಾಕಿ ಸಾಕುತ್ತಾರೆ. ತನ್ನದೇ ಮಲಮೂತ್ರ ಬೆರೆತ ತೇವದಲ್ಲಿ ಹೊಟ್ಟೆಯ ಚಿಪ್ಪು ಹಗಲೂ ರಾತ್ರಿ ಉಜ್ಜುತ್ತಿದ್ದರೆ ಮೇಲ್ಪದರ ನೆನೆದು ಸವೆಯುತ್ತದೆ. ಚಿಪ್ಪಿನ ಮೇಲೆ ಹೊದ್ದುಕೊಂಡಿರುವ ಬಿಲ್ಲೆಗಳ ನಡುವಿನ ಸಂದುಗಳಲ್ಲಿ ಬ್ಯಾಕ್ಟೀರಿಯಾ, ಕೆಲವೊಮ್ಮೆ ಶಿಲೀಂಧ್ರ, ಒಳಗೆ ಇಳಿಯುತ್ತವೆ.

ನೋಡುವುದು ಹೇಗೆ ಎಂದು ಹೇಳುತ್ತೇನೆ. ನೆಲದ ಮೇಲೆ ಕುಳಿತು, ಎರಡೂ ಕೈಗಳಿಂದ ಆಮೆಯ ಪಕ್ಕಗಳನ್ನು ಹಿಡಿದು ನಿಧಾನವಾಗಿ ವಾಲಿಸಿ. ಪೂರ್ತಿ ಮಗುಚಿ ಬಹಳ ಹೊತ್ತು ಇಡಬೇಡಿ. ಆಮೆಯ ಶ್ವಾಸಕೋಶ ಇರುವುದು ಬೆನ್ನಿನ ಚಿಪ್ಪಿನ ಒಳಮೈಗೆ ಅಂಟಿಕೊಂಡಂತೆ. ಮಗುಚಿದಾಗ ಹೊಟ್ಟೆಯ ಅಂಗಗಳ ಭಾರವೆಲ್ಲ ಅದರ ಮೇಲೆ ಬಿದ್ದು ಉಸಿರಾಟ ಕಷ್ಟವಾಗುತ್ತದೆ. ಬಿಳಿ ಕಲೆಯನ್ನು ಒದ್ದೆ ಹತ್ತಿಬಟ್ಟೆಯಿಂದ ಒರೆಸಿ ನೋಡಿ. ಒರೆಸಿದಾಗ ಮಸುಕಾಗಿ, ಅಡಿಯಲ್ಲಿ ಗಟ್ಟಿಯಾದ ನುಣುಪು ಮೈ ಕಂಡರೆ ಅದು ಗಡಸು ನೀರಿನ ಉಪ್ಪಿನ ಪದರ, ಚಿಂತೆ ಬೇಡ. ಕಲೆಯಿರುವ ಕಡೆ ಗುಳಿ ಬಿದ್ದಿದ್ದರೆ, ಬಿಲ್ಲೆಯ ಅಂಚು ಮೇಲೆದ್ದಿದ್ದರೆ, ಅದರಡಿಯಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ ಪುಡಿಪುಡಿ ವಸ್ತು ಕಂಡರೆ, ಮೆಲ್ಲಗೆ ಒತ್ತಿದಾಗ ನಸುಗೆಂಪು ನೀರು ಜಿನುಗಿದರೆ ಅದು ಚಿಪ್ಪು ಕೊಳೆತ. ಹೊಟ್ಟೆಯ ಚಿಪ್ಪಿನ ಬಿಲ್ಲೆಗಳ ಅಡಿಯಲ್ಲಿ ಗುಲಾಬಿ ಬಣ್ಣ ಹರಡಿದಂತೆ ಕಾಣುವುದು ಇನ್ನೂ ಕೆಟ್ಟ ಸೂಚನೆ. ಸೋಂಕು ರಕ್ತಕ್ಕೆ ಸೇರಿರಬಹುದು. ಅದನ್ನು ಕಂಡರೆ ನಾಳೆಯವರೆಗೆ ಕಾಯದೆ, ಅರಣ್ಯ ಸಿಬ್ಬಂದಿಗೆ ಇದು ತುರ್ತು ಎಂದು ಒತ್ತಿ ಹೇಳಿ.

ಈಗ ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಟಬ್ಬನ್ನು ಬದಿಗಿಡಿ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ಹಳೆಯ ದಿನಪತ್ರಿಕೆ ಹಾಸಿ, ಕೊಳೆಯಾದಾಗಲೆಲ್ಲ ಬದಲಿಸಿ. ಉಗುರುಬೆಚ್ಚಗಿನ ನೀರು, ಮೃದುವಾದ ಹಲ್ಲುಜ್ಜುವ ಬ್ರಷ್ ಬಳಸಿ ಹೊಟ್ಟೆಯ ಚಿಪ್ಪನ್ನು ಹಗುರವಾಗಿ ತೊಳೆದು ಒಣಬಟ್ಟೆ ಒತ್ತಿ ತೇವ ತೆಗೆಯಿರಿ. ಔಷಧದಂಗಡಿಯಲ್ಲಿ ಸಿಗುವ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರಿನಲ್ಲಿ ಬೆರೆಸಿ, ಕಲೆಯಿರುವ ಕಡೆ ಹತ್ತಿಯಿಂದ ಒತ್ತಿ, ಆಮೇಲೆ ಒಣಗಲು ಬಿಡಿ. ಎದ್ದ ಬಿಲ್ಲೆಯನ್ನು ಉಗುರಿನಿಂದಲಾಗಲಿ ಚಿಮುಟದಿಂದಲಾಗಲಿ ಕೀಳಲು ಹೋಗಬೇಡಿ. ಅದರ ಅಡಿಯಲ್ಲಿರುವುದು ಜೀವಂತ ಮೂಳೆ. ಎಲ್ಲಿಯವರೆಗೆ ಕೆರೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ವೈದ್ಯರು ನೋವು ನಿವಾರಕ ಕೊಟ್ಟು, ಬೆಳಕಿನಡಿ ನೋಡಿ ನಿರ್ಧರಿಸುವ ಕೆಲಸ.

ಇನ್ನು ನಿಮ್ಮ ಅತ್ತೆಯವರ ಸಲಹೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಮನೆಯಲ್ಲಿ ಯಾರಿಗೆ ಗಾಯವಾದರೂ ಮೊದಲು ನೆನಪಾಗುವುದು ಅರಿಶಿನವೇ. ಆದರೆ ಇಲ್ಲಿ ಅದು ಬೇಡ. ಎಣ್ಣೆ ಸಂದಿನ ಮೇಲೆ ಪದರವಾಗಿ ಕೂತು ಧೂಳು, ಮಲ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಕಡೆ ಬೆಳೆಯುವ ರೋಗಾಣುಗಳಿಗೆ ಅದಕ್ಕಿಂತ ಅನುಕೂಲ ಬೇರಿಲ್ಲ. ಅರಿಶಿನದ ಬಣ್ಣ ಹತ್ತಿದರೆ ವೈದ್ಯರಿಗೆ ಚಿಪ್ಪಿನ ನಿಜವಾದ ಬಣ್ಣವೇ ಕಾಣುವುದಿಲ್ಲ, ನಾನು ಮೇಲೆ ಹೇಳಿದ ಗುಲಾಬಿ ಛಾಯೆಯಂತೂ ಮುಚ್ಚಿಯೇ ಹೋಗುತ್ತದೆ. ಚಿಪ್ಪು ಹೊಳೆಯಲೆಂದು ವಾರ್ನಿಷ್, ಉಗುರುಬಣ್ಣ, ಪಾಲಿಶ್ ಬಳಿಯುವವರೂ ಇದ್ದಾರೆ. ಆಮೆಯ ಚಿಪ್ಪಿಗೆ ಹೊಳಪಿನ ಅಗತ್ಯವಿಲ್ಲ.

ಚಿಪ್ಪು ಎಂದರೆ ಆಮೆ ಹೊತ್ತುಕೊಂಡಿರುವ ಮನೆ ಎಂಬ ಮಾತು ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಈ ಅವಾಂತರಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಚಿಪ್ಪು ಹೊರಗಿನ ವಸ್ತುವಲ್ಲ. ಅದರ ಬೆನ್ನುಮೂಳೆ, ಪಕ್ಕೆಲುಬುಗಳು ಅಗಲವಾಗಿ ಬೆಳೆದು ಒಂದಕ್ಕೊಂದು ಬೆಸೆದುಕೊಂಡು ಆದದ್ದೇ ಬೆನ್ನಿನ ಚಿಪ್ಪು. ಅದರ ಮೇಲೆ ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವಿನ ತೆಳು ಬಿಲ್ಲೆಗಳು ಹೊದ್ದುಕೊಂಡಿವೆ. ಮೂಳೆಯಲ್ಲಿ ರಕ್ತ ಹರಿಯುತ್ತದೆ, ನರಗಳಿವೆ, ಮುಟ್ಟಿದರೆ ತಿಳಿಯುತ್ತದೆ, ಕೊರೆದರೆ ನೋಯುತ್ತದೆ. ಆ ತೂತು ಕೊರೆದಾಗ ಆಮೆ ಕಿರುಚಲಿಲ್ಲ ಎಂಬುದು ನೋವಾಗಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಅದಕ್ಕೆ ಕಿರುಚಲು ಬರುವುದಿಲ್ಲ, ಅಷ್ಟೆ. ದಾರವನ್ನು ಈಗಲೇ ಕತ್ತರಿಸಿ ಮೆಲ್ಲಗೆ ಎಳೆದು ತೆಗೆಯಿರಿ. ಅಂಟಿಕೊಂಡಿದ್ದರೆ ಎಳೆಯಬೇಡಿ, ಎರಡೂ ಕಡೆ ಗಿಡ್ಡವಾಗಿ ಕತ್ತರಿಸಿ ಬಿಟ್ಟುಬಿಡಿ. ತೂತನ್ನು ಎಂಸೀಲ್, ಫೆವಿಕ್ವಿಕ್ ಹಾಕಿ ಮುಚ್ಚಬಾರದು. ಒಳಗಿನ ಸೋಂಕಿಗೆ ಹೊರಗೆ ಬರಲು ದಾರಿಯೇ ಇಲ್ಲದಂತಾಗುತ್ತದೆ. ನಾಯಿ ಕಚ್ಚಿ, ಮಹಡಿಯಿಂದ ಬಿದ್ದು ಬಿರುಕುಬಿಟ್ಟ ಚಿಪ್ಪಿಗೂ ಇದೇ ಮಾತು: ಗಾಯಕ್ಕೆ ಕಟ್ಟುವ ಸ್ವಚ್ಛವಾದ ಒಣ ಬ್ಯಾಂಡೇಜ್ ಬಟ್ಟೆ ಸುತ್ತಿ, ನೊಣ ಕೂರದಂತೆ ಪೆಟ್ಟಿಗೆಯಲ್ಲಿಟ್ಟು ಆಸ್ಪತ್ರೆಗೆ ಒಯ್ಯಬೇಕು, ನೀರಿಗೆ ಇಳಿಸಬಾರದು.

ಮೆತ್ತಗಾದ ಅಂಚಿನ ವಿಷಯಕ್ಕೆ ಬರೋಣ. ಮೊಟ್ಟೆಯಿಂದ ಬಂದ ಹೊಸ ಮರಿಯ ಚಿಪ್ಪು ಒತ್ತಿದರೆ ಸ್ವಲ್ಪ ಬಾಗುವುದು ಸಹಜ. ಅಂಗೈಗಿಂತ ದೊಡ್ಡ ಆಮೆಯದು ಬಾಗಬಾರದು. ಬಾಗುತ್ತಿದೆ ಎಂದರೆ ಮೂಳೆಯಲ್ಲಿನ ಕ್ಯಾಲ್ಸಿಯಂ ಕರಗಿ ಹೋಗಿದೆ. ಹೃದಯ ಬಡಿಯಲು, ಸ್ನಾಯು ಕದಲಲು ರಕ್ತದಲ್ಲಿ ನಿರ್ದಿಷ್ಟ ಮಟ್ಟದ ಕ್ಯಾಲ್ಸಿಯಂ ಇರಲೇಬೇಕು. ಆಹಾರದಿಂದ ಅದು ಸಿಗದಿದ್ದಾಗ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹೆಚ್ಚು ಹಾರ್ಮೋನು ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುತ್ತವೆ. ದಿನದ ಖರ್ಚಿಗೆಂದು ಮನೆಯ ಗೋಡೆಯ ಇಟ್ಟಿಗೆ ಕಿತ್ತು ಮಾರಿದಂತೆ. ತಿಂಗಳುಗಟ್ಟಲೆ ಹೀಗೇ ನಡೆದರೆ ದವಡೆ ಮೃದುವಾಗಿ ಕಚ್ಚಲಾಗುವುದಿಲ್ಲ, ನಡೆಯುವಾಗ ದೇಹವನ್ನು ಎತ್ತಲಾಗದೆ ಹೊಟ್ಟೆ ಎಳೆಯುತ್ತದೆ, ಕಾಲು ನಡುಗುತ್ತವೆ. ಇಂಥ ಆಮೆಯ ಎಕ್ಸ್-ರೇ ನೋಡಿದರೆ ನಿಮಗೂ ಅರ್ಥವಾಗುತ್ತದೆ. ಆರೋಗ್ಯವಂತ ಆಮೆಯ ಕಾಲಿನ ಮೂಳೆಗಳು, ಚಿಪ್ಪಿನ ಅಂಚು ಬೆಳ್ಳಗೆ, ಗೆರೆ ಎಳೆದಂತೆ ಕಾಣುತ್ತವೆ. ಇದರಲ್ಲಿ ಮೂಳೆಯೂ ಮಾಂಸವೂ ಒಂದೇ ಬೂದು ಬಣ್ಣದಲ್ಲಿ ಕಲಸಿಹೋಗಿ, ಅಂಚು ಎಲ್ಲಿ ಮುಗಿಯುತ್ತದೆ ಎಂದು ಹುಡುಕಬೇಕಾಗುತ್ತದೆ.

ಕಾರಣ ಎರಡು: ಊಟ ಮತ್ತು ಬಿಸಿಲು. ಅನ್ನದಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ (ಫಾಸ್ಫರಸ್) ಹೆಚ್ಚು. ಹೆಚ್ಚುವರಿ ರಂಜಕ ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೊಳ್ಳುವುದಕ್ಕೆ ಅಡ್ಡಿಮಾಡುತ್ತದೆ. ಟೊಮೆಟೊದಲ್ಲಿಯೂ ರಂಜಕದ್ದೇ ಮೇಲುಗೈ. ಸೌತೆಕಾಯಿ ಬಹುಪಾಲು ನೀರು. ಆಮೆಯ ಆಹಾರದಲ್ಲಿ ರಂಜಕದ ಎರಡು ಪಟ್ಟಾದರೂ ಕ್ಯಾಲ್ಸಿಯಂ ಇರಬೇಕು. ಬಿಸಿಲಿನದು ಇನ್ನೊಂದು ಕಥೆ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ-3 ಬೇಕು, ಅದು ಚರ್ಮದಲ್ಲಿ ತಯಾರಾಗಲು ಸೂರ್ಯನ ಬೆಳಕಿನ ಅತಿನೇರಳೆ-ಬಿ ಕಿರಣ ಬೇಕು. ಆ ಕಿರಣ ಕಿಟಕಿಯ ಗಾಜನ್ನು ದಾಟುವುದಿಲ್ಲ. ಹಾಗಾಗಿ ಗಾಜಿನ ಕಿಟಕಿಯ ಪಕ್ಕದಲ್ಲಿ, ಎಲ್‌ಇಡಿ ದೀಪದಡಿಯಲ್ಲಿ ಬೆಳೆದ ಆಮೆ ಬೆಳಕಿನಲ್ಲಿದ್ದೂ ಬಿಸಿಲು ಕಾಣದ ಪ್ರಾಣಿ. ವರ್ಷದ ಬಹುಪಾಲು ಬಿಸಿಲಿರುವ ಬಯಲುಸೀಮೆಯಲ್ಲಿ ಬಿಸಿಲಿನ ಕೊರತೆಯಿಂದ ಆಮೆಯ ಮೂಳೆ ಕರಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಕ್ಯಾಲ್ಸಿಯಂ ಮಾತ್ರೆ? ನೀವಾಗಿಯೇ ಕೊಡಬೇಡಿ. ಮನುಷ್ಯರ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಡಿ-3 ಸೇರಿರುತ್ತದೆ. ಅದರ ಪ್ರಮಾಣ ನಮ್ಮ ತೂಕಕ್ಕೆ ಲೆಕ್ಕ ಹಾಕಿದ್ದು, ಅರ್ಧ ಕಿಲೋ ತೂಗುವ ಆಮೆಗಲ್ಲ. ಅತಿಯಾದ ಡಿ-3ಯಿಂದ ಮೂತ್ರಪಿಂಡ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ. ಅಲ್ಲದೆ ಈ ಆಮೆಗೆ ನೀರಿನ ಕೊರತೆಯೂ ಇರಬಹುದು. ಮೊದಲು ಅದನ್ನು ಸರಿಪಡಿಸಬೇಕು. ಹೊಟ್ಟೆಯ ಗಾಯ ಆಳವಾಗಿಲ್ಲದಿದ್ದರೆ ಮಾತ್ರ, ತಟ್ಟೆಯಲ್ಲಿ ಗಲ್ಲದ ಮಟ್ಟಕ್ಕಿಂತ ಕೆಳಗೆ ಉಗುರುಬೆಚ್ಚಗಿನ ನೀರು ಹಾಕಿ ಹದಿನೈದು ಇಪ್ಪತ್ತು ನಿಮಿಷ ಇಳಿಸಿ, ನೀವು ಪಕ್ಕದಲ್ಲೇ ಇರಿ. ಕುಡಿಯುತ್ತದೆ. ಬಿಳಿ ಪೇಸ್ಟಿನಂಥದ್ದನ್ನು ವಿಸರ್ಜಿಸಿದರೆ ಗಾಬರಿಯಾಗಬೇಡಿ, ಅದು ಯೂರಿಕ್ ಆಮ್ಲದ ಲವಣ. ಮೆತ್ತಗಿದ್ದರೆ ಸರಿ, ಮರಳಿನಂತೆ ಗರಗರ ಇದ್ದರೆ ನೀರು ಸಾಲದು ಎಂದರ್ಥ. ಬಳಿಕ ಚೆನ್ನಾಗಿ ಒರೆಸಿ ಒಣ ಪೆಟ್ಟಿಗೆಗೆ ಸೇರಿಸಿ. ಬೆಳಗಿನ ಎಳೆಬಿಸಿಲಿನಲ್ಲಿ ಅಂಗಳದ ನೆಲದ ಮೇಲೆ, ಪಕ್ಕದಲ್ಲೇ ನೆರಳಿರುವ ಕಡೆ, ಕಣ್ಣೆದುರಿಗೆ ಬಿಡಿ. ಬಕೆಟ್ಟಿನಲ್ಲೋ ಗಾಜಿನ ತೊಟ್ಟಿಯಲ್ಲೋ ಹಾಕಿ ಬಿಸಿಲಿಗೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಬಿಸಿ ಏರಿ ಸತ್ತುಹೋಗುತ್ತದೆ.

ತಿನ್ನಲು ಏನು? ನಿಮ್ಮ ಹಿತ್ತಲಲ್ಲೇ ಇದೆ. ಗರಿಕೆ ಹುಲ್ಲು, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಸುಕಳ್ಳಿ. ಹಿಪ್ಪುನೇರಳೆ ತೋಟದಿಂದ ತರುವುದಾದರೆ ಔಷಧಿ ಸಿಂಪಡಿಸಿಲ್ಲ ಎಂದು ಕೇಳಿಕೊಂಡು ತನ್ನಿ. ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಪ್ರೋಟೀನೂ ಹೆಚ್ಚು, ಹಾಗಾಗಿ ಹಿಡಿಯಷ್ಟು ಸೊಪ್ಪಿನಲ್ಲಿ ಒಂದೆರಡು ಎಸಳು ಸಾಕು. ಪಾಲಕ್, ದಂಟು ಬೇಡ, ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆಯ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ತುಂಡೊಂದನ್ನು ಪಕ್ಕದಲ್ಲಿಟ್ಟರೆ ಬೇಕೆನಿಸಿದಾಗ ತಾನೇ ಕೆರೆದುಕೊಳ್ಳುತ್ತದೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಡಿ-3 ಇಲ್ಲದ್ದರಿಂದ ಆ ಅಪಾಯವಿಲ್ಲ. ಇಷ್ಟು ದಿನ ಅನ್ನಕ್ಕೆ ಒಗ್ಗಿದ ಆಮೆ ಮೊದಲ ದಿನ ಹುಲ್ಲನ್ನು ಮೂಸಿಯೂ ನೋಡದಿರಬಹುದು. ಆಗ ಮತ್ತೆ ಟೊಮೆಟೊ ಕೊಡಬೇಡಿ. ದಾಸವಾಳದ ಕೆಂಪು ಹೂವಿನಿಂದ ಆರಂಭಿಸಿ, ಹೆಚ್ಚಿನವು ಅದಕ್ಕೆ ಬಾಯಿ ಹಾಕುತ್ತವೆ.

ಕೊನೆಗೆ ಗುಡ್ಡಗಳು. ಇಲ್ಲಿ ಒಂದು ಸೂಕ್ಷ್ಮವಿದೆ: ಕಾಡಿನಲ್ಲಿ ಬೆಳೆದ ನಕ್ಷತ್ರ ಆಮೆಯ ಬಿಲ್ಲೆಗಳೂ ಸ್ವಲ್ಪ ಉಬ್ಬಿಕೊಂಡೇ ಇರುತ್ತವೆ. ಆದ್ದರಿಂದ ಉಬ್ಬು ಕಂಡಾಕ್ಷಣ ರೋಗ ಎನ್ನಲಾಗದು. ಒಂದೊಂದು ಬಿಲ್ಲೆಯೂ ಕಡಿದಾಗಿ ಎದ್ದು, ನಡುವಿನ ಸಂದು ಕಣಿವೆಯಾಗಿದ್ದರೆ ಅದು ಸಾಕಣೆಯ ದೋಷ. ಹೆಚ್ಚು ಪ್ರೋಟೀನ್ ತಿನ್ನಿಸಿದ್ದರಿಂದಲೇ ಹೀಗಾಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2003ರಲ್ಲಿ ಪ್ರಕಟವಾದ, ಆಫ್ರಿಕಾದ ಸುಲ್ಕಾಟಾ ಆಮೆಯ ಮರಿಗಳ ಮೇಲಿನ ಅಧ್ಯಯನವೊಂದು ಆ ನಂಬಿಕೆಯನ್ನು ಅಲುಗಾಡಿಸಿತು. ಒಣ ಗಾಳಿಯಲ್ಲಿ ಬೆಳೆದ ಮರಿಗಳಲ್ಲಿ ಗುಡ್ಡಗಳು ಎದ್ದವು, ತೇವಾಂಶವಿರುವ ಗಾಳಿಯಲ್ಲಿ ಬೆಳೆದವುಗಳ ಚಿಪ್ಪು ಹೆಚ್ಚು ನಯವಾಗಿತ್ತು, ಪ್ರೋಟೀನಿನ ಪ್ರಭಾವ ಅಲ್ಪ. ನಕ್ಷತ್ರ ಆಮೆಯ ಮರಿ ಹಗಲಿನ ಹೆಚ್ಚು ಹೊತ್ತು ಹುಲ್ಲಿನ ಬುಡದಲ್ಲಿ, ಪೊದೆಯಡಿಯ ತಂಪಿನಲ್ಲಿ ಹುದುಗಿರುತ್ತದೆ. ಮಳೆಗಾಲ ಬಂತೆಂದರೆ ಅದಕ್ಕೆ ಚಟುವಟಿಕೆಯ ಕಾಲ. ಅಂಥ ಮರಿಗೆ ಸಿಮೆಂಟಿನ ನೆಲ, ಫ್ಯಾನಿನ ಗಾಳಿ ಒಗ್ಗುವುದಿಲ್ಲ.

ತೇವದ ಟಬ್ಬಿನಲ್ಲಿದ್ದ ಆಮೆಗೆ ಒಣ ಗಾಳಿಯ ತೊಂದರೆ ಹೇಗೆ ಎಂದು ನೀವು ಕೇಳಬಹುದು. ಗುಡ್ಡಗಳು ಎದ್ದದ್ದು ಮರಿಯಾಗಿದ್ದಾಗ. ಆಗ ಅದು ಎಲ್ಲಿತ್ತೋ, ಯಾವ ಕೋಣೆಯಲ್ಲಿತ್ತೋ ನಿಮಗೆ ಹೇಳುವವರಿಲ್ಲ. ಬಿಲ್ಲೆ ಬೆಳೆಯುವುದು ಅದರ ಅಂಚಿನಲ್ಲಿ. ನಡುವಿನ ಪುಟ್ಟ ಭಾಗ ಅದು ಮೊಟ್ಟೆಯಿಂದ ಬಂದಾಗಿನದು, ಸುತ್ತಲಿನ ಉಂಗುರಗಳು ನಂತರದವು. ಹೀಗೆ ಚಿಪ್ಪಿನ ಮೇಲ್ಭಾಗ ಹಳೆಯ ವರ್ಷಗಳನ್ನು ತೋರಿಸುತ್ತದೆ, ಹೊಟ್ಟೆಯ ಕೊಳೆತ ಇತ್ತೀಚಿನ ತಿಂಗಳುಗಳನ್ನು. ಬೇಕಾದದ್ದು ತೇವಾಂಶವಿರುವ ಗಾಳಿ ಮತ್ತು ಒಣಗಿದ ನೆಲ, ಇದಕ್ಕೆ ಸಿಕ್ಕಿದ್ದು ಅದರ ತದ್ವಿರುದ್ಧ. ಎದ್ದ ಗುಡ್ಡ ಇನ್ನು ಇಳಿಯುವುದಿಲ್ಲ. ಅರದಿಂದ ಉಜ್ಜಿ ಸಮ ಮಾಡುವ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ. ಆರೈಕೆ ಸರಿಯಾದ ಮೇಲೆ ಸಂದುಗಳಲ್ಲಿ ತಿಳಿಬಣ್ಣದ ಹೊಸ ಗೆರೆ ಕಾಣಿಸಿಕೊಳ್ಳುತ್ತದೆ. ಆ ಗೆರೆ ನಯವಾಗಿ, ಗಟ್ಟಿಯಾಗಿ ಬಂದರೆ ಆಮೆ ಚೇತರಿಸಿಕೊಳ್ಳುತ್ತಿದೆ. ಗುಡ್ಡಬಿದ್ದ ಚಿಪ್ಪಿನಲ್ಲೂ ಆಮೆ ಬಹುಕಾಲ ಬದುಕಬಲ್ಲದು.

ಚಿಕಿತ್ಸೆ ಮಾಡುವವರ ಬಗ್ಗೆ ಒಂದು ಎಚ್ಚರಿಕೆ. ದನ, ನಾಯಿಗಳನ್ನು ನೋಡುವ ಒಳ್ಳೆಯ ವೈದ್ಯರಿಗೂ ಆಮೆ ಅಪರೂಪ. ಹುಳಕ್ಕೆಂದು ಐವರ್‌ಮೆಕ್ಟಿನ್ ಕೊಡಲು ಬಂದರೆ ವಿನಯದಿಂದಲೇ, ಆದರೆ ಖಡಾಖಂಡಿತವಾಗಿ ಬೇಡವೆನ್ನಿ. ದನಕರುಗಳಿಗೆ ನಿತ್ಯ ಬಳಸುವ ಈ ಔಷಧ ಆಮೆಗಳಿಗೆ ವಿಷ, ಲಕ್ವ ಹೊಡೆದು ಸಾಯುತ್ತವೆ. ಕಣ್ಣು ಊದಿದೆ ಎಂದು ವಿಟಮಿನ್ ಎ ಚುಚ್ಚುಮದ್ದನ್ನು ಅಂದಾಜಿನ ಮೇಲೆ ಕೊಟ್ಟರೆ ಚರ್ಮವೇ ಸುಲಿದು ಬರುತ್ತದೆ. ಕೊಳೆತಕ್ಕೆ ಸತ್ತ ಭಾಗ ತೆಗೆದು, ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ತೊಳೆದು, ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಹಚ್ಚುವುದು, ಅಗತ್ಯವಿದ್ದರೆ ಸೋಂಕಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಅದಕ್ಕೆ ತಕ್ಕ ಆ್ಯಂಟಿಬಯೋಟಿಕ್ ಕೊಡುವುದು ರೂಢಿ. ಆಮೆಯ ಮೈಯಲ್ಲಿ ಎಲ್ಲವೂ ನಿಧಾನ. ಗಾಯ ಮಾಯಲು ವಾರಗಳಲ್ಲ, ತಿಂಗಳುಗಳು ಬೇಕು. ಮೂಳೆ ಗಟ್ಟಿಯಾಗಲೂ ಅಷ್ಟೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನಕ್ಷತ್ರ ಆಮೆ ವನ್ಯಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಅದನ್ನು ಅತಿ ಹೆಚ್ಚು ರಕ್ಷಣೆಯಿರುವ ಒಂದನೇ ಅನುಸೂಚಿಗೆ ಸೇರಿಸಿದೆ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್ ಕೂಡ ಅದನ್ನು ತನ್ನ ಮೊದಲ ಪಟ್ಟಿಗೆ ಏರಿಸಿತು. ಇಂಥ ಪ್ರಾಣಿ ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅರಣ್ಯಾಧಿಕಾರಿಗೋ ತಿಳಿಸಬೇಕೆಂದು ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತದೆ. ಮೊದಲ ಸಾಲಿನಲ್ಲೇ ದೂರವಾಣಿ ಸಂಖ್ಯೆ ಕೊಟ್ಟದ್ದು ಇದಕ್ಕೇ. ನಿಮ್ಮನ್ನು ಹೆದರಿಸುವ ಉದ್ದೇಶ ನನಗಿಲ್ಲ. ಕರೆ ಮಾಡಿದ ಸಮಯವನ್ನು ಬರೆದಿಟ್ಟುಕೊಳ್ಳಿ, ಬಿಟ್ಟು ಹೋದವರ ಬಗ್ಗೆ ಗೊತ್ತಿದ್ದನ್ನು ಇದ್ದಂತೆ ಹೇಳಿ. ಆಫ್ರಿಕಾದ ಸುಲ್ಕಾಟಾದಂಥ ವಿದೇಶಿ ಆಮೆಯನ್ನು ಸಾಕುತ್ತಿರುವವರು ಈ ಉತ್ತರ ಓದುತ್ತಿದ್ದರೆ, 2024ರ ನಿಯಮಗಳಂತೆ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು ಎಂಬುದನ್ನು ಗಮನಿಸಿ. ಚಿಪ್ಪಿನ ಆರೈಕೆಯ ಮಾತುಗಳು ಹೆಚ್ಚುಕಡಿಮೆ ಅದಕ್ಕೂ ಅನ್ವಯಿಸುತ್ತವೆ.

ಪ್ರೀತಿಯಿಂದ ಸಾಕಿದರೂ ತಪ್ಪೇ ಎಂದು ಮಕ್ಕಳು ಕೇಳಿಯಾರು. ಅವರಿಗೆ ಇದನ್ನು ಹೇಳಿ: ಮಾರುಕಟ್ಟೆಯಲ್ಲಿ ಸಿಗುವ ನಕ್ಷತ್ರ ಆಮೆಗಳನ್ನು ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡಿನ ಬಯಲುಗಳಿಂದ ಕದ್ದು ತರುತ್ತಾರೆ. ಚೀಲ, ಸೂಟ್‌ಕೇಸುಗಳಲ್ಲಿ ತುಂಬಿ ವಿಮಾನದಲ್ಲಿ ಹೊರದೇಶಕ್ಕೂ ಸಾಗಿಸುತ್ತಾರೆ. ಹಾಗೆ ಹೋದವುಗಳಲ್ಲಿ 51 ಆಮೆಗಳನ್ನು 2018ರ ನವೆಂಬರಿನಲ್ಲಿ ಸಿಂಗಪುರದಿಂದ ಬೆಂಗಳೂರಿಗೆ ಮರಳಿ ತಂದು ಕರ್ನಾಟಕ ಅರಣ್ಯ ಇಲಾಖೆಯ ವಶಕ್ಕೆ ಒಪ್ಪಿಸಲಾಯಿತು. ನಿಮ್ಮ ಆಮೆಗೂ ಮರಳುವ ಅವಕಾಶ ಸಿಗಬಹುದು. ಹಾಗೆಂದು ನೀವೇ ಒಯ್ದು ದೇವರಾಯನದುರ್ಗದ ಕಾಡಿನಲ್ಲಿ ಬಿಟ್ಟುಬರಬೇಡಿ. ಮೃದು ಚಿಪ್ಪಿನ ಆಮೆಗೆ ಅಲ್ಲಿ ಒಂದು ವಾರವೂ ಉಳಿಗಾಲವಿರದು. ಜೊತೆಗೆ ಸಾಕಣೆಯಲ್ಲಿ ಅಂಟಿಕೊಂಡ ಉಸಿರಾಟದ ಸೋಂಕು ಅಲ್ಲಿನ ಆಮೆಗಳಿಗೂ ಹರಡಬಹುದು. ಚಿಕಿತ್ಸೆ, ಪ್ರತ್ಯೇಕವಾಸ, ತಪಾಸಣೆ ಮುಗಿದ ಮೇಲೆ ಬಿಡಬೇಕೋ ಬೇಡವೋ ಎಂಬುದನ್ನು ಇಲಾಖೆಯ ವೈದ್ಯರು ನಿರ್ಧರಿಸುತ್ತಾರೆ.

ಅವರು ಬರುವವರೆಗೆ ಮಕ್ಕಳಿಗೆ ಒಂದು ಕೆಲಸ ವಹಿಸಿ. ಅಡುಗೆಮನೆಯ ತಕ್ಕಡಿಯ ಮೇಲೆ ಹಾಳೆ ಹಾಸಿ ಆಮೆಯನ್ನು ತೂಗಿ, ತೂಕವನ್ನು ತಾರೀಖಿನ ಜೊತೆ ಬರೆದಿಡಲಿ. ಬೆನ್ನು, ಹೊಟ್ಟೆ, ಮುಖ, ತೂತು ಇವುಗಳ ಫೋಟೊ ತೆಗೆಯಲಿ. ಏನು ತಿಂದಿತು, ಮಲ ಹೇಗಿತ್ತು, ಮೂಗಿನಲ್ಲಿ ಗುಳ್ಳೆ ಬಂತೇ ಎಂಬುದನ್ನೂ ಬರೆಯಲಿ. ಮುಟ್ಟಿದ ಪ್ರತಿ ಬಾರಿಯೂ ಸೋಪು ಹಾಕಿ ಕೈ ತೊಳೆಯಬೇಕು, ಆಮೆಗಳ ಮೈಮೇಲೆ ಹೊಟ್ಟೆಯ ಸೋಂಕು ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದೇ ಕಾರಣಕ್ಕೆ ಆಮೆಯನ್ನಾಗಲಿ ಆ ಬ್ರಷ್ಷನ್ನಾಗಲಿ ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಬೇಡಿ, ತೂಗಿದ ತಕ್ಕಡಿಯನ್ನೂ ಸೋಪುನೀರಿನಲ್ಲಿ ಒರೆಸಿ. ಮಕ್ಕಳು ಬರೆದಿಟ್ಟದ್ದನ್ನು ಆಮೆಯ ಜೊತೆಗೇ ಅರಣ್ಯ ಸಿಬ್ಬಂದಿಗೆ ಕೊಡಿ. ಆಮೆಯನ್ನು ನೋಡುವ ವೈದ್ಯರಿಗೆ ಮೊದಲ ದಿನದ ತೂಕ ತಿಳಿದಿದ್ದರೆ ಔಷಧದ ಪ್ರಮಾಣ ಲೆಕ್ಕಹಾಕುವುದೂ, ಮುಂದೆ ಆಮೆ ಚೇತರಿಸಿಕೊಳ್ಳುತ್ತಿದೆಯೇ ಎಂದು ಅಳೆಯುವುದೂ ಸುಲಭವಾಗುತ್ತದೆ.